ಮುಂಗಡದ ಎರಡು ಸಾವಿರ ಎಲ್ಲಿ ಹೋಯ್ತು?

ಇವತ್ತು ಪೈಥಾನ್ ವಿಷಯ. ನಾನು ಓದಿದ್ದು ಬಿ.ಕಾಂ, ಕೋಡ್ ಬರೆಯೋದು ಚಟ. ಆ ಚಟದಿಂದ ತಲೆ ತಗ್ಗಿಸಿದ ಕಥೆ ಇದು.

ಹೊಸಪೇಟೆ ಬಸ್ ಸ್ಟ್ಯಾಂಡ್‌ನಲ್ಲಿ 'ಹೊಸಪೇಟೆಯಿಂದ ಹಂಪಿಗೆ ಎಷ್ಟು?' ಅನ್ನಿ, 'ಹಂಪಿಗೆ ಹೊಸಪೇಟೆಯಿಂದ ಎಷ್ಟು?' ಅನ್ನಿ, ಕಂಡಕ್ಟರ್‌ಗೆ ಎರಡೂ ಒಂದೇ. ಯಾಕಂದ್ರೆ 'ಇಂದ', 'ಗೆ' ಅನ್ನೋ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತೆ. ಕೀವರ್ಡ್ ಆರ್ಗ್ಯುಮೆಂಟ್ ಕೂಡ ಹಂಗೇ. ಬರೀ 5000, 2000 ಅಂತ ಕೊಟ್ರೆ ಯಾವುದು ಬಾಡಿಗೆ, ಯಾವುದು ಮುಂಗಡ ಅಂತ ಕ್ರಮ ನೋಡಿಯೇ ತಿಳೀಬೇಕು. ಬಾಡಿಗೆ=5000, ಮುಂಗಡ=2000 ಅಂದ್ರೆ ಹಿಂದೆ ಮುಂದೆ ಆದ್ರೂ ಗೊಂದಲ ಇಲ್ಲ. (ಹೌದು, ಪೈಥಾನ್ 3ರಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಬರೀಬಹುದು.)

ನಮ್ಮೂರಲ್ಲಿ ಲಾರಿ ಬುಕಿಂಗ್ ಮಾಡೋ ಅಣ್ಣ ಒಬ್ರಿಗೆ ಬಿಲ್ ಸ್ಕ್ರಿಪ್ಟ್ ಬರೆದುಕೊಟ್ಟೆ. ಹೊರಗಿನ ಫಂಕ್ಷನ್ ಫೋನ್ ನಂಬರ್ ಮಾತ್ರ ತಾನು ಇಟ್ಕೊಂಡು, ಉಳಿದ ಹೆಸರುಗಳನ್ನೆಲ್ಲ ಡಬಲ್ ಸ್ಟಾರ್‌ನಿಂದ ಒಂದು ಡಿಕ್ಷನರಿಗೆ ಗಂಟು ಕಟ್ಟುತ್ತೆ. ಒಳಗಿನ ಲೆಕ್ಕದ ಫಂಕ್ಷನ್ ಕರೆಯುವಾಗ ಮತ್ತೆ ಡಬಲ್ ಸ್ಟಾರ್ ಹಾಕಬೇಕು. ಆಗ ಗಂಟು ಬಿಚ್ಚಿ, ಪ್ರತಿ ಹೆಸರೂ ತನ್ನ ಬೆಲೆ ಜೊತೆ ಹಂಗೇ ದಾಟುತ್ತೆ. ಇಷ್ಟನ್ನ ಸರಿಯಾಗೇ ಮಾಡಿದ್ದೆ.

ಆದ್ರೆ ಸೋಮಾರಿತನಕ್ಕೆ ಒಳಗಿನ ಫಂಕ್ಷನ್‌ಗೂ ಡಬಲ್ ಸ್ಟಾರ್ ಕೊಟ್ಟು, 'ಮುಂಗಡ ಇದ್ರೆ ತಗೋ, ಇಲ್ದಿದ್ರೆ ಸೊನ್ನೆ' ಅಂತ ಬರೆದೆ. ಕಂಪ್ಲಿ ಲೋಡ್‌ನ ಸಾಲಲ್ಲಿ ಟೈಪ್ ಮಾಡುವಾಗ 'ಮುಂಗದ' ಆಗಿತ್ತು. ದೊಡ್ಡ ಡಿ ಬದಲು ಸಣ್ಣ ಡಿ, ಅಷ್ಟೇ. ಪೈಥಾನ್ ಚಕಾರ ಎತ್ತಲಿಲ್ಲ. 'ಮುಂಗದ' ಗಂಟಲ್ಲೇ ಉಳೀತು, ಮುಂಗಡ ಸೊನ್ನೆ ಆಯ್ತು. ಕಂಪ್ಲಿಯ ಭತ್ತದ ರೈತರೊಬ್ಬರಿಗೆ 3000 ಬದಲು 5000 ಬಾಕಿ ಅಂತ ಮೆಸೇಜ್ ಹೋಯ್ತು. ಅವರು ಹಿರಿಯರು, ಮರುಮಾತಾಡದೆ ಕಟ್ಟಿಬಿಟ್ರು. ವಾರ ಆದ್ಮೇಲೆ ಅವರ ಮಗ ಚೀಟಿ ಹಿಡ್ಕೊಂಡು ಬಂದಾಗಲೇ ಗೊತ್ತಾಗಿದ್ದು.

ಲೆಡ್ಜರ್‌ನಲ್ಲಿ ಖಾಲಿ ಬಿಟ್ಟ ಕಾಲಂ ಅಂದ್ರೆ ಸೊನ್ನೆ ಅಲ್ಲ. ಬಿ.ಕಾಂ ಓದಿದವನಿಗೆ ಇದು ಗೊತ್ತಿರಬೇಕಿತ್ತು!

ಈಗ ಒಳಗಿನ ಫಂಕ್ಷನ್‌ನಲ್ಲಿ ಡಬಲ್ ಸ್ಟಾರ್ ತೆಗೆದು ಬಾಡಿಗೆ, ಮುಂಗಡ ಅಂತ ಹೆಸರು ಹಿಡಿದೇ ಬರೆದಿದ್ದೀನಿ. ಅವುಗಳ ಮುಂದೆ ಒಂಟಿ ಸ್ಟಾರ್ ಇದೆ, ಅಂದ್ರೆ ಹೆಸರು ಹೇಳದೆ ಬೆಲೆ ಕೊಡೋ ಹಾಗಿಲ್ಲ. ಡಿಫಾಲ್ಟ್ ಸೊನ್ನೆ ಇಲ್ಲ. ಮುಂಗಡ ಕೊಟ್ಟಿಲ್ಲ ಅಂದ್ರೆ ಮುಂಗಡ=0 ಅಂತ ಬಾಯಿ ಬಿಟ್ಟು ಹೇಳಬೇಕು. ಅಪರಿಚಿತ ಹೆಸರು ಬಂದ್ರೆ ಟೈಪ್‌ಎರರ್ ಕೊಟ್ಟು ಅಲ್ಲೇ ನಿಲ್ಲುತ್ತೆ.

ಬದಲಾಯಿಸಿ ಹಳೇ ಬಿಲ್‌ಗಳನ್ನ ಮತ್ತೆ ಓಡಿಸಿದೆ. ಸಂಡೂರಿನ ಸಾಲಿಗೆ ಬಂದು ನಿಂತಿತು. ಅಲ್ಲೂ 'ಮುಂಗದ'.

ಅಣ್ಣನಿಗೆ ಫೋನ್ ಮಾಡಿದೆ. 'ಇನ್ನೂ ಎಷ್ಟು ಮಂದಿಗೆ ರೊಕ್ಕ ವಾಪಸ್ ಕೊಡಬೇಕು ತಮ್ಮಾ?' ಅಂದ್ರು.

'ಒಬ್ಬರಿಗೆ ಅಣ್ಣಾ. ಅದನ್ನ ನಾನೇ ಕೊಡ್ತೀನಿ' ಅಂದೆ.