ಗ್ಯಾಂಡರಿನ ಶಾಲೆಯಲ್ಲಿ



2001ರ ಸೆಪ್ಟೆಂಬರ್ 11. ನ್ಯೂಯಾರ್ಕಿಗೆ ಹೊರಟಿದ್ದ ನಮ್ಮ ವಿಮಾನವನ್ನು ಕೆನಡಾದ ಗ್ಯಾಂಡರಿನಲ್ಲಿ ಇಳಿಸಿದರು. ಅಂದು ಅಲ್ಲಿಳಿದದ್ದು 38 ವಿಮಾನ. ಸುಮಾರು 10,000 ಜನರ ಊರಿಗೆ 6,500ಕ್ಕೂ ಹೆಚ್ಚು ನೆಂಟರು! ಮುಷ್ಕರ ಹೂಡಿದ್ದ ಶಾಲಾ ಬಸ್ ಚಾಲಕರೇ ಮುಷ್ಕರ ಬಿಟ್ಟು ಬಂದು ನಮ್ಮನ್ನು ಕರೆದೊಯ್ದರು. ಶಾಲೆಯ ಕೊಠಡಿಯಲ್ಲೇ ಹಾಸಿಗೆ.

ನನಗೆ ಅವ್ವನದೇ ಚಿಂತೆ. ಟಿ.ವಿ. ನೋಡಿ ಏನೆಂದುಕೊಂಡಳೋ! ಬಾಯಿಗೆ ಇಂಗ್ಲಿಷೇ ಬರಲಿಲ್ಲ; "ಮದರ್" ಎಂದೆ, ಅಷ್ಟೇ. ಊಟ ಬಡಿಸುತ್ತಿದ್ದ ಅಜ್ಜಿಯೊಬ್ಬರು ಕೈಹಿಡಿದು ಫೋನಿನ ಮುಂದೆ ಕೂರಿಸಿದರು. ಅಮ್ಮಸಂದ್ರದ ಎಸ್‌ಟಿಡಿ ಬೂತಿನವರು ಅವ್ವನನ್ನು ಕರೆತರುವತನಕ ಹಿಂದಿನ ಸಾಲು ಸುಮ್ಮನೆ ಕಾಯಿತು.

"ಉಂಡ್ಯೇನ್ಲಾ ಮಗ?" ಎಂದಳು ಅವ್ವ.

ದುಡ್ಡು ಕೊಡಹೋದೆ, ಅಜ್ಜಿ ಗದರಿದರು. ಕೈಚೀಲದಲ್ಲಿದ್ದ ಕೊಬ್ಬರಿ ಗಿಟುಕು ಕೊಟ್ಟೆ. ಅದನ್ನು ಚೂರುಮಾಡಿ ಸಾಲಿನಲ್ಲಿದ್ದವರಿಗೆಲ್ಲ ಹಂಚಿದರು.