ಮುದ್ರೆಯುಂಗುರವೂ ಟಿ.ವಿ. ಪೆಟ್ಟಿಗೆಯೂ

ನಾನು ಹುಡುಗನಾಗಿದ್ದಾಗ ಕಾರ್ಕಳದ ನಮ್ಮ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದರ ಜೊತೆಗೆ ಒಂದು ಸಣ್ಣ ಲೈಸೆನ್ಸ್ ಪುಸ್ತಕವೂ ಇತ್ತು. ವರ್ಷಕ್ಕೊಮ್ಮೆ ನಮ್ಮ ತಂದೆಯವರು ಅದನ್ನು ಅಂಚೆ ಕಚೇರಿಗೆ ಒಯ್ದು, ಹಣ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಸರಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ಅಂದಿನ ಏರ್ಪಾಟಿನಲ್ಲಿ ಒಂದು ಸ್ವಾರಸ್ಯವಿತ್ತು. ಬಾನುಲಿಯವರಿಗೆ ತಮ್ಮ ಹಾಡನ್ನು ಯಾರು ಕೇಳುತ್ತಿದ್ದಾರೆಂಬುದು ತಿಳಿಯುತ್ತಿರಲಿಲ್ಲ. ಲೈಸೆನ್ಸ್ ಇಲ್ಲದವರ ಮನೆಯಲ್ಲಿಯೂ ರೇಡಿಯೋ ಹಾಡುತ್ತಲೇ ಇತ್ತು. ಗುರುತು ಇದ್ದುದು ಪುಸ್ತಕದಲ್ಲಿ, ಪೆಟ್ಟಿಗೆಯಲ್ಲಲ್ಲ.

ಇಂದು ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನು ಒದಗಿಸುವ ಸಂಸ್ಥೆಗಳಲ್ಲಿ ಈ ಮಾತು ತಿರುಗುಮುರುಗಾಗಿದೆ. ಪುಸ್ತಕ ಹೋಗಿ, ಪೆಟ್ಟಿಗೆಯೇ ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕಾಗಿದೆ. ಹೇಗೆ ಹೇಳಿಕೊಳ್ಳುತ್ತದೆ? ಕಾಪುವಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಅದನ್ನು ನಾನು ಕಣ್ಣಾರೆ ಕಂಡೆ.

ಅಕ್ಕನ ಮಗಳು ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದಾಳೆ. ಚಂದಾ ಕಟ್ಟಿದವಳು ಅವಳು. ಅಕ್ಕನ ಹೊಸ ಟಿ.ವಿ.ಯ ತೆರೆಯ ಮೇಲೆ ಕೆಲವು ಅಕ್ಷರಗಳ ಒಂದು ಸಂಕೇತ ಮೂಡಿತು. ಅಕ್ಕ ಅದನ್ನು ಒಂದೊಂದಾಗಿ ಫೋನಿನಲ್ಲಿ ಓದಿ ಹೇಳಿದಳು. ಮಗಳು ಮಣಿಪಾಲದಲ್ಲಿ ಕುಳಿತು ತನ್ನ ಫೋನಿನಲ್ಲಿ ಅದನ್ನು ಬರೆದು ಒಪ್ಪಿಗೆ ಕೊಟ್ಟಳು. ಮರುಕ್ಷಣ ಕಾಪುವಿನ ಟಿ.ವಿ.ಯಲ್ಲಿ ಮಗಳ ಹೆಸರು ಕಾಣಿಸಿತು. ಅಕ್ಕನಿಗೆ ಅದು ಮಾಟದಂತೆ ತೋರಿತು.

ಮಾಟವೇನೂ ಇಲ್ಲ. ಟಿ.ವಿ. ಮೊದಲು ಸಂಸ್ಥೆಯ ಕಂಪ್ಯೂಟರಿಗೆ ಕರೆ ಕಳುಹಿಸುತ್ತದೆ. ಅಲ್ಲಿಂದ ಎರಡು ಸಂಕೇತಗಳು ಬರುತ್ತವೆ. ಒಂದು ಚಿಕ್ಕದು, ಮನುಷ್ಯರು ಓದಿ ಹೇಳಲೆಂದು ಅದನ್ನು ಟಿ.ವಿ. ತೆರೆಯ ಮೇಲೆ ತೋರಿಸುತ್ತದೆ. ಇನ್ನೊಂದು ಉದ್ದನೆಯದು; ಅದನ್ನು ಯಾರಿಗೂ ತೋರಿಸದೆ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಬಳಿಕ ಕೆಲವು ಸೆಕೆಂಡುಗಳಿಗೊಮ್ಮೆ, ‘ಒಪ್ಪಿಗೆ ಬಂತೆ? ಒಪ್ಪಿಗೆ ಬಂತೆ?’ ಎಂದು ಕೇಳುತ್ತಲೇ ಇರುತ್ತದೆ. ಚಂದಾದಾರರು ಒಪ್ಪಿದೊಡನೆ ಅದಕ್ಕೊಂದು ರಹದಾರಿ ಚೀಟಿ ದೊರೆಯುತ್ತದೆ. ಪಾಸ್‌ವರ್ಡ್ ಎಂಬ ಗುಪ್ತಪದವು ಟಿ.ವಿ.ಯ ಕೈಗೆ ಹೋಗುವುದೇ ಇಲ್ಲ. ಬಹಳ ಕಡೆ ಬಳಕೆಯಲ್ಲಿರುವ ಈ ಕ್ರಮದ ನಿಯಮಗಳು ಅಂತರರಾಷ್ಟ್ರೀಯ ಮಾನದಂಡವಾಗಿ 2019ರ ಆಗಸ್ಟಿನಲ್ಲಿ ಪ್ರಕಟವಾದವು.

ಚೀಟಿ ದೊರೆತರೆ ಸಾಲದು. ಚಿತ್ರವು ಮನೆಗೆ ಬರುವುದು ಬೀಗ ಹಾಕಿದ ಸ್ಥಿತಿಯಲ್ಲಿ. ಬೀಗದ ಕೈಯನ್ನು ಕೊಡುವ ಮೊದಲು, ‘ನೀನು ನಂಬತಕ್ಕ ಯಂತ್ರವೆ?’ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕಾಗಿ ಅನೇಕ ಯಂತ್ರಗಳಲ್ಲಿ ಕಾರ್ಖಾನೆಯಲ್ಲಿಯೇ ಒಂದು ರಹಸ್ಯವನ್ನು ಹುದುಗಿಸಿರುತ್ತಾರೆ. ಯಂತ್ರ ಆ ರಹಸ್ಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದು ತನ್ನಲ್ಲಿರುವವರು ಮಾತ್ರ ರಚಿಸಬಲ್ಲ ಒಂದು ಮನವಿಯನ್ನು ಕಳುಹಿಸುತ್ತದೆ. ಗೂಗಲ್ಲಿನ ವೈಡ್‌ವೈನ್, ಮೈಕ್ರೋಸಾಫ್ಟಿನ ಪ್ಲೇರೆಡಿ, ಆಪಲ್‌ನ ಫೇರ್‌ಪ್ಲೇ ಎಂಬವು ಇಂಥ ಏರ್ಪಾಡುಗಳು. ಒಂದೇ ಚಂದಾದಲ್ಲಿ ಒಂದು ಫೋನಿನಲ್ಲಿ ಚಿತ್ರ ಸ್ಫುಟವಾಗಿಯೂ ಇನ್ನೊಂದರಲ್ಲಿ ಮಸುಕಾಗಿಯೂ ಕಾಣುವುದಕ್ಕೆ ಇದೂ ಒಂದು ಕಾರಣ. ರಹಸ್ಯವನ್ನು ಭದ್ರವಾಗಿ ಇಟ್ಟುಕೊಳ್ಳಲಾರದ ಯಂತ್ರಕ್ಕೆ ಉತ್ತಮ ದರ್ಜೆಯ ಚಿತ್ರವನ್ನು ಕೊಡುವುದಿಲ್ಲ.

ನಮ್ಮ ಊರಿನವರಿಗೆ ಇದು ತೀರ ಹೊಸ ಸಂಗತಿಯೆ? ಯಕ್ಷಗಾನದ ಬಯಲಿನಲ್ಲಿ ಇರುಳೆಲ್ಲ ಕುಳಿತವರಿಗೆ ಅಶೋಕವನದ ಸನ್ನಿವೇಶ ತಿಳಿದೇ ಇದೆ. ವೇಷವನ್ನು ನಂಬಿ ಒಮ್ಮೆ ಮೋಸಹೋದ ಸೀತೆ ಹನುಮಂತನನ್ನು ಸುಲಭವಾಗಿ ನಂಬಲಿಲ್ಲ. ಆತ ರಾಮನ ಮುದ್ರೆಯುಂಗುರವನ್ನು ಕೊಟ್ಟ. ಆಕೆ ಮರಳಿ ಚೂಡಾಮಣಿಯನ್ನು ಕೊಟ್ಟಳು. ಗುರುತು ಎರಡೂ ಕಡೆಯಿಂದ ಆಗಬೇಕೆಂಬ ತತ್ತ್ವ ಇಲ್ಲಿದೆ. ಟಿ.ವಿ. ಕೂಡ, ತನ್ನೊಡನೆ ಮಾತನಾಡುತ್ತಿರುವುದು ನಿಜವಾಗಿ ಆ ಸಂಸ್ಥೆಯ ಕಂಪ್ಯೂಟರೇ ಎಂಬುದನ್ನು ಅದು ತೋರುವ ಪ್ರಮಾಣಪತ್ರದಿಂದ ಪರೀಕ್ಷಿಸಿಕೊಳ್ಳುತ್ತದೆ.

ಆದರೆ ಉಂಗುರಕ್ಕೆ ಒಂದು ದೋಷವೂ ಉಂಟು. ಶಾಕುಂತಲದ ಕಥೆ ನೋಡಿ. ಎದುರಿಗೆ ನಿಂತ ಹೆಂಡತಿಯನ್ನು ಅರಸ ಗುರುತಿಸಲಿಲ್ಲ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರವನ್ನು ಗುರುತಿಸಿದ. ಉಂಗುರ ಹೇಳುವುದು ತನ್ನ ವಿಷಯವನ್ನು; ತೊಟ್ಟವರ ವಿಷಯವನ್ನಲ್ಲ. ಟಿ.ವಿ.ಗೆ ದೊರೆತ ರಹದಾರಿಯೂ ಅಂಥದೇ. ಖಾತೆಯಿಂದ ಹೊರಬಾರದೆ ಹಳೆಯ ಪೆಟ್ಟಿಗೆಯನ್ನು ಮಾರಿದರೆ, ಕೊಂಡವನ ಮನೆಯಲ್ಲಿಯೂ ಅದು ನಮ್ಮ ಹೆಸರನ್ನೇ ಹೇಳೀತು. ಹಾಗೆಯೇ, ಅಕ್ಕ ಓದಿದ ಸಂಕೇತಕ್ಕೆ ಮಗಳು ಒಪ್ಪಿದಳು, ಸರಿ; ಅಪರಿಚಿತನೊಬ್ಬ ಓದಿದ ಸಂಕೇತಕ್ಕೆ ನಾವು ಒಪ್ಪಿದರೆ ಬಾಗಿಲು ತೆರೆಯುವುದು ಅವನ ಪೆಟ್ಟಿಗೆಗೆ. ಯಂತ್ರಕ್ಕೆ ಮಗಳೂ ಒಂದೇ, ಮೋಸಗಾರನೂ ಒಂದೇ. ಆ ವಿವೇಕ ನಮ್ಮದಾಗಿರಬೇಕು.

ಇನ್ನು ಮೂರನೆಯ ಪ್ರಶ್ನೆ: ಈ ಪೆಟ್ಟಿಗೆ ಯಾರ ಮನೆಯದು? 2016ರ ಜನವರಿಯಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸ್ ಸಂಸ್ಥೆ, ಒಂದು ಖಾತೆ ಒಂದು ಮನೆಯಲ್ಲಿ ಒಟ್ಟಾಗಿ ವಾಸಿಸುವವರಿಗೆ ಮಾತ್ರ ಎಂಬ ನಿಯಮವನ್ನು 2023ರ ಜುಲೈಯಲ್ಲಿ ಇಲ್ಲಿಯೂ ಬಿಗಿಗೊಳಿಸಿತು. ಮನೆಯ ಅಂತರ್ಜಾಲ ಸಂಪರ್ಕದ ವಿಳಾಸ, ಯಂತ್ರಗಳ ಗುರುತು, ಖಾತೆಯ ಬಳಕೆಯ ರೀತಿ, ಇವುಗಳಿಂದ ಅದು ಮನೆಯನ್ನು ಗೊತ್ತುಮಾಡುತ್ತದೆ. ಚಿತ್ರ ತಯಾರಿಸಿದವರಿಗೆ ಸಂಬಳ ಸಲ್ಲಬೇಕು. ಒಬ್ಬನ ಚಂದಾದಲ್ಲಿ ಊರೆಲ್ಲ ನೋಡುವುದು ನ್ಯಾಯವಲ್ಲ. ಇದನ್ನು ನಾನು ಒಪ್ಪುತ್ತೇನೆ.

ಈ ನಿಯಮವನ್ನು ಅಕ್ಕನಿಗೆ ವಿವರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅಲ್ಲ ಮಾರಾಯ, ಹಾಗಾದರೆ ಅವರ ಲೆಕ್ಕದಲ್ಲಿ ನಾನೂ ಮಗಳೂ ಒಂದೇ ಮನೆಯವರಲ್ಲವಾ?”

ನನ್ನಲ್ಲಿ ಉತ್ತರವಿರಲಿಲ್ಲ. ತುಳುನಾಡಿನಲ್ಲಿ ಮನೆಯೆಂದರೆ ಒಂದು ಸೂರಿನ ಲೆಕ್ಕವಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವನೂ ಮೂಲ ನಾಗನ ಬನಕ್ಕೆ ತನು ಎರೆಯಲು ಬಂದಾಗ ಆ ಮನೆಯವನೇ. ಕುಟುಂಬದ ಮನೆಯ ಕೋಲಕ್ಕೆ ಅವನ ಪಾಲಿನ ವಂತಿಗೆಯೂ ಸಲ್ಲುತ್ತದೆ. ಯಂತ್ರಕ್ಕೆ ಈ ನಂಟು ತಿಳಿಯದು. ಅದು ತಂತಿಯ ವಿಳಾಸವನ್ನು ಬಲ್ಲದು; ತಾಯಿ ಮಗಳನ್ನು ಅರಿಯದು. ಅದು ಯಂತ್ರದ ತಪ್ಪಲ್ಲ. ‘ಮನೆ’ ಎಂಬ ಮಾತಿಗೆ ಅರ್ಥ ಬರೆದವರು ಮನುಷ್ಯರು. ಮಗಳು ಒಂದೂರಿನಲ್ಲಿ ದುಡಿದು ತಾಯಿ ಇನ್ನೊಂದೂರಿನಲ್ಲಿ ಒಬ್ಬಳೇ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! ಅವರಿಗೆ ಸಲ್ಲುವ ಅರ್ಥವನ್ನು ಮನುಷ್ಯರೇ ಮತ್ತೆ ಬರೆಯಬಹುದು; ಬರೆಯಿರೆಂದು ಚಂದಾದಾರರು ಕೇಳಬಹುದು.

ತಂದೆಯವರ ಲೈಸೆನ್ಸ್ ಪುಸ್ತಕದಲ್ಲಿ ಇದ್ದುದು ಅವರೊಬ್ಬರ ಹೆಸರು. ಆದರೆ ಸಂಜೆ ವಾರ್ತೆಯ ಹೊತ್ತಿಗೆ ನಮ್ಮ ಜಗಲಿಯ ತುಂಬ ನೆರೆಹೊರೆಯವರಿರುತ್ತಿದ್ದರು. ‘ನೀವು ಯಾವ ಮನೆಯವರು?’ ಎಂದು ಆ ಪೆಟ್ಟಿಗೆ ಅವರನ್ನು ಕೇಳಿದ್ದಿಲ್ಲ. ಇಂದಿನ ಪೆಟ್ಟಿಗೆ ಕೇಳುತ್ತದೆ. ಕೇಳಲಿ, ಆದರೆ ನಮ್ಮ ಮನೆಯವರಾರು ಎಂಬುದನ್ನು ಅದರಿಂದ ಕಲಿಯಬೇಕಾದ ಕಾಲ ನಮಗೆ ಬಾರದಿರಲಿ.