ಮೌನವಾದ ಗಣಕದ ಮಾತು



ಶಾಲಾ ಬಾಲಕರಿಗೆ ಗಣಕವಿದ್ಯೆಯನ್ನು ಕಲಿಸಬೇಕೆಂಬ ಉದ್ದೇಶದಿಂದ 2012ರಲ್ಲಿ ಇಂಗ್ಲೆಂಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ ಹೊರಬಂದಿತು. ಅಂಗೈಯಗಲದ ಒಂದು ಹಲಗೆ. ಅದರಲ್ಲಿ ನಡೆಯುವುದು ಲಿನಕ್ಸ್. ನಮ್ಮ ಹುಡುಗರ ಕೈಗೂ ಅದು ಬಂದಿದೆ. ಒಂದು ದಿನ ವಿದ್ಯುತ್ತು ಕೊಟ್ಟರೂ ತೆರೆ ಕಪ್ಪಾಗಿಯೇ ಉಳಿಯುತ್ತದೆ. “ಇದು ಸತ್ತಿತು, ಹೊಸದು ಕೊಡಿಸಿ” ಎಂದು ಹುಡುಗ ತಂದೆಯ ಮುಂದೆ ನಿಲ್ಲುತ್ತಾನೆ. ತಂದೆಗೋ ತಿಂಗಳ ದಿನಸಿಯ ಚಿಂತೆ.

ಆದರೆ ಮೌನವೆಲ್ಲ ಮರಣವಲ್ಲ. ಲಿನಕ್ಸ್ ಎಚ್ಚರಗೊಳ್ಳುವಾಗ ತಾನು ಮಾಡುತ್ತಿರುವ ಕೆಲಸವನ್ನು ಸಾಲುಸಾಲಾಗಿ ಹೇಳಿಕೊಳ್ಳುತ್ತದೆ. ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್, ಮೂರು ತಂತಿ, ಇಷ್ಟಿದ್ದರೆ ಆ ಮಾತನ್ನು ಇನ್ನೊಂದು ಗಣಕದಲ್ಲಿ ಓದಬಹುದು. ಅಲ್ಲಿಯೂ ಏನೂ ಕಾಣದಿದ್ದರೆ? ಕೂಡಲೇ ಹಲಗೆಯನ್ನು ಹಳಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು. ಪರೀಕ್ಷೆ ಕೇಳುವವನ ಕಡೆಯಿಂದಲೇ ಆರಂಭವಾಗಲಿ.

ಕೇಳುವ ಗಣಕವೂ ಲಿನಕ್ಸಿನದಾದರೆ, ಅಡಾಪ್ಟರನ್ನು ಚುಚ್ಚಿದ ಮೇಲೆ ಡಿಎಂಇಎಸ್‌ಜಿ ಎಂಬ ಆಜ್ಞೆ ಕೊಡಿ. ಸಾಮಾನ್ಯವಾಗಿ ‘ಟಿಟಿವೈ ಯುಎಸ್‌ಬಿ 0’ ಎಂಬ ಹೆಸರು ಕಾಣುತ್ತದೆ. ಮಿನಿಕಾಮ್‌ನಂಥ ತಂತ್ರಾಂಶದಲ್ಲಿ ಅದನ್ನು ತೆರೆಯಿರಿ. ಅನುಮತಿಯಿಲ್ಲವೆಂದರೆ, ಡೆಬಿಯನ್ ಬಳಗದ ಲಿನಕ್ಸಿನಲ್ಲಿ ನಿಮ್ಮ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೋಗಬೇಕು. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಎಂಬುದನ್ನು ಆರಿಸಿಬಿಡಿ; ಅದಿದ್ದರೆ ಬರುವ ಮಾತು ಕಂಡರೂ ನಾವು ಒತ್ತಿದ ಅಕ್ಷರ ಆಚೆಗೆ ಹೋಗದಿರಬಹುದು. ಈಗ ಅಡಾಪ್ಟರಿನ ಕಳುಹಿಸುವ ತಂತಿಯನ್ನೂ ಪಡೆಯುವ ತಂತಿಯನ್ನೂ ಪರಸ್ಪರ ತಾಗಿಸಿ. ಒತ್ತಿದ ಅಕ್ಷರ ತಿರುಗಿ ಬಂದರೆ ಅಡಾಪ್ಟರ್ ಆರೋಗ್ಯವಾಗಿದೆ.

ಮುಂದೆ ಹಲಗೆಯ ಜೋಡಣೆ. ಬಾಯಿಗೆ ಎದುರಾಗಿ ಕಿವಿಯಿರಬೇಕು. ಬಾಯಿಗೆ ಬಾಯಿಯಿಟ್ಟರೆ ಸಂಭಾಷಣೆಯಾಗದು. ಪೈ ಹಲಗೆಯ 8ನೆಯ ಕಡ್ಡಿ ಮಾತನಾಡುತ್ತದೆ, 10ನೆಯದು ಕೇಳುತ್ತದೆ, 6ನೆಯದು ಭೂಸಂಪರ್ಕ. ಅಡಾಪ್ಟರಿನ ಸಂಕೇತ 3.3 ವೋಲ್ಟಿನದೇ ಆಗಿರಲಿ. 5 ವೋಲ್ಟಿನ ಸಂಕೇತದಿಂದ ಹಲಗೆಗೆ ಅಪಾಯ. ಹಲಗೆಗೆ ಬೇರೆ ವಿದ್ಯುತ್ತಿರುವಾಗ ಅಡಾಪ್ಟರಿನ ವಿದ್ಯುತ್ ತಂತಿಯನ್ನು ಜೋಡಿಸಲೇಬಾರದು.

ವೇಗ ಸೆಕೆಂಡಿಗೆ 115200 ಬಿಟ್. ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸುರಿದರೆ ನಿರಾಶರಾಗಬೇಡಿ. ಅತ್ತ ಯಾರೋ ಮಾತನಾಡುತ್ತಿದ್ದಾರೆ, ಆದರೆ ವೇಗ ಹೊಂದಿಲ್ಲವೆಂದು ಬಗೆದು ಮೊದಲು ಅದನ್ನೇ ಸರಿಪಡಿಸಿ.

ಇಷ್ಟಾದರೂ ಮೌನವೇ? ಹಲಗೆಗೆ ಮಾತನಾಡುವ ಅಪ್ಪಣೆಯೇ ಇಲ್ಲದಿರಬಹುದು. ಪೈ 3ರಲ್ಲಿ, ಅದರ ಮೆಮೊರಿ ಕಾರ್ಡನ್ನು ತೆಗೆದು ಬೇರೆ ಗಣಕದಲ್ಲಿ ಹಾಕಿ, ‘ಕಾನ್ಫಿಗ್’ ಕಡತದಲ್ಲಿ ‘ಎನೇಬಲ್ ಯುಎಆರ್‌ಟಿ’ಗೆ 1 ಎಂದು ಬರೆಯಬೇಕು. ‘ಸಿಎಂಡಿಲೈನ್’ ಕಡತದಲ್ಲಿ ಕನ್ಸೋಲ್ ‘ಸೀರಿಯಲ್ 0’ ಎಂದಿರಬೇಕು. ‘ಕ್ವಯೆಟ್’ ಎಂಬ ಪದವಿದ್ದರೆ ತೆಗೆಯಬೇಕು.

ಮಾತು ಬಂದಿತೆ? ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿ. ಮೂಲ ಕಡತವ್ಯವಸ್ಥೆ ಸಿಗಲಿಲ್ಲವೆಂದು ಹೇಳಿ ಅದು ನಿಂತಿದ್ದರೆ ಮೊದಲ ಸಂದೇಹ ಕಾರ್ಡಿನ ಮೇಲೆ. ಮಾತೇ ಬಾರದಿದ್ದರೂ ಕಾರ್ಡನ್ನು ಶಂಕಿಸಿ. ಕಾರ್ಡಿನಿಂದ ಏಳುವ ಪೈ 3ಕ್ಕೆ ಅದನ್ನು ಎಬ್ಬಿಸುವ ಕಡತಗಳು ಅಲ್ಲಿಯೇ ಇವೆ. ಹುಡುಗನ ಬರಹಗಳನ್ನು ಮೊದಲು ಬೇರೆಡೆ ನಕಲು ಮಾಡಿಟ್ಟು, ಹೊಸ ಕಾರ್ಡಿನಲ್ಲಿ ಲಿನಕ್ಸನ್ನು ಬರೆದು ನೋಡಿ. ಹೊಸ ಹಲಗೆ ಬೇಕೆ ಎಂಬ ಮಾತು ಅದಾದ ಮೇಲಿನದು.